ಮದ್ದು, ಮೋಡಿ ಮತ್ತು ಇನ್ನೊಬ್ಬರ ಮನಸ್ಸು

ವೈ.ಎನ್.ಹೊಸಕೋಟೆಯಲ್ಲಿರುವ ನಮ್ಮ ಚಿಕ್ಕಮ್ಮ ಯಾರ ತಟ್ಟೆಗೂ ತನ್ನ ಕೈಯಾರೆ ಬಡಿಸುವುದಿಲ್ಲ. ಮುದ್ದೆ ಕಟ್ಟಿ, ಹುರುಳಿಕಾಳಿನ ಸಾರು ಮಾಡಿ, ಕಡಲೆಕಾಯಿ ಚಟ್ನಿ ಅರೆದು, ಎಲ್ಲವನ್ನೂ ನಡುಮನೆಗೆ ತಂದಿಟ್ಟು, ‘ಹಾಕ್ಕೊಂಡು ಉಣ್ರಪ್ಪ’ ಎಂದು ಹೇಳಿ ಗೋಡೆಗೆ ಒರಗಿ ಕೂರುತ್ತಾಳೆ. ಸೌಟಿನ ಹಿಡಿ ಯಾವಾಗಲೂ ಉಣ್ಣುವವರ ಕಡೆಗೇ ತಿರುಗಿರುತ್ತದೆ. ಬಂದವರಿಗೆ ಬಡಿಸದೆ ಕೂರುವುದು ನಮ್ಮ ಕಡೆ ಮರ್ಯಾದೆಯಲ್ಲ. ಚಿಕ್ಕಂದಿನಲ್ಲಿ ನಾನಿದನ್ನು ಅವಳ ಸೋಮಾರಿತನ ಎಂದೇ ತಿಳಿದಿದ್ದೆ. ಕಾರಣ ಗೊತ್ತಾಗುವ ಹೊತ್ತಿಗೆ ಕಾಲೇಜಿಗೆ ಬಂದಿದ್ದೆ. ಮದುವೆಯಾದ ಎರಡನೆಯ ವರ್ಷ, ಗಂಡನಿಗೆ ಮದ್ದು ಹಾಕಿದ್ದಾಳೆಂದು ಅವಳ ಮೇಲೆ ಮಾತು ಬಂದಿತ್ತು.

ಮದ್ದು ಎಂದರೆ ಔಷಧವೂ ಹೌದು, ಪಟಾಕಿಯೊಳಗಿನ ಪುಡಿಯೂ ಹೌದು. ಇಲ್ಲಿ ಅದಕ್ಕೆ ಮೂರನೆಯ ಅರ್ಥ: ಊಟದಲ್ಲೋ ಎಲೆಅಡಿಕೆಯಲ್ಲೋ ಬೆರೆಸಿ ಕೊಟ್ಟರೆ ಹೊಟ್ಟೆಯಲ್ಲಿ ಕರಗದೆ ಕೂತು, ತಿಂದವನ ಮನಸ್ಸನ್ನು ಕೊಟ್ಟವರ ಕಡೆಗೆ ತಿರುಗಿಸುವ ವಸ್ತು. ಮೂರು ಕಡೆ ಆಂಧ್ರವಿರುವ ಪಾವಗಡ ತಾಲ್ಲೂಕಿನಲ್ಲಿ ಈ ನಂಬಿಕೆಗೆ ಎರಡು ಭಾಷೆ. ಕನ್ನಡದಲ್ಲಿ ಮದ್ದು ಹಾಕುತ್ತಾರೆ, ತೆಲುಗಿನಲ್ಲಿ ಮಂದು ಪೆಡತಾರು.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಅಜ್ಜಿಯ ಕಾಲದಲ್ಲಿ ಮೂರು ಮಗ್ಗ, ಮೂವರು ಗಂಡುಮಕ್ಕಳು. ಕೂಲಿಯ ದುಡ್ಡೆಲ್ಲ ಅಜ್ಜಿಯ ಸೆರಗಿನ ಗಂಟಿಗೆ. ಕಿರಿಯವನಾದ ಚಿಕ್ಕಪ್ಪ ಒಂದು ದಿನ ಬೇರೆ ಮನೆ ಮಾಡುತ್ತೇನೆ ಅಂದ. ‘ನನ್ನ ಮಗ ಅಂಥೋನಲ್ಲ. ಅವ್ಳು ಮದ್ದು ಹಾಕವ್ಳೆ’ ಅಂದಳು ಅಜ್ಜಿ. ಆಮೇಲೆ ಕಂಡದ್ದೆಲ್ಲ ಸಾಕ್ಷಿಯಾಯಿತು. ಅವನು ಸೊರಗಿದ್ದು, ಮಾತು ಕಡಿಮೆ ಮಾಡಿದ್ದು, ಹೆಂಡತಿ ಕೊಟ್ಟ ಕಾಫಿಯನ್ನು ತಳ ಕಾಣುವವರೆಗೆ ಕುಡಿಯುತ್ತಿದ್ದದ್ದು. ಗಡಿಯಾಚೆಯ ಹಳ್ಳಿಯೊಂದಕ್ಕೆ ಕರೆದೊಯ್ದು ಮದ್ದು ತೆಗೆಸಿದರು. ಅದೇನೋ ಸೊಪ್ಪಿನ ರಸ ಕುಡಿಸಿ, ವಾಂತಿ ಮಾಡಿಸಿ, ಬೂದಿಯ ಮೇಲೆ ಬಿದ್ದ ಕರಿ ಉಂಡೆಯೊಂದನ್ನು ಕಡ್ಡಿಯಿಂದ ಹೊರಳಿಸಿ ತೋರಿಸಿದರಂತೆ. ಮದ್ದು ಹೊರಗೆ ಬಂದ ಮೇಲೂ ಚಿಕ್ಕಪ್ಪ ಬೇರೆ ಮನೆ ಮಾಡಿಯೇ ಮಾಡಿದ. ‘ಬೇರು ಒಳಗೇ ಉಳ್ಕಂಡೈತೆ’ ಅಂದಳು ಅಜ್ಜಿ.

ಮನೆಯವರು ನಗುತ್ತ ಹೇಳಿಕೊಳ್ಳುವ ಈ ಕಥೆಯನ್ನು ನಾನು ಮತ್ತೆ ಯೋಚಿಸುವಂತೆ ಮಾಡಿದ್ದು ಒಂದು ಆಟ.

ಅಕ್ಕನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ಮಧ್ಯಾಹ್ನ ಅವನ ಕೋಣೆಯಲ್ಲಿ ಐದು ಜನ ಮೇಜಿನ ಸುತ್ತ ಕೂತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಅದು. ಎಲ್ಲರೂ ಸೇರಿ ಬಾಯಲ್ಲೇ ಒಂದು ಕಥೆ ಕಟ್ಟುತ್ತಾರೆ. ಡಂಜನ್ ಮಾಸ್ಟರ್ ಎಂಬ ಸೂತ್ರಧಾರ ಕಾಡು, ಕೋಟೆ, ರಾಕ್ಷಸರನ್ನೆಲ್ಲ ವರ್ಣಿಸುತ್ತಾನೆ. ಉಳಿದವರು ತಲಾ ಒಂದು ಪಾತ್ರ ವಹಿಸಿಕೊಂಡು, ಆ ಪಾತ್ರ ಏನು ಮಾಡುತ್ತದೆಂದು ಹೇಳುತ್ತ ಹೋಗುತ್ತಾರೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಮಾತು ಕೂತಲ್ಲೇ ಹುಟ್ಟುವಂತೆ ಇಲ್ಲಿಯೂ ಮಾತು ಹುಟ್ಟುತ್ತದೆ. ಆದರೆ ಕಥೆ ಎಲ್ಲಿ ಮುಗಿಯುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ತೀರ್ಮಾನ ಕೊಡುತ್ತದೆ.

ನಾನು ನೋಡುತ್ತ ಕೂತಿದ್ದ ದಿನ ಜಗಳವಾಯಿತು. ಒಬ್ಬ ಹುಡುಗನ ಪಾತ್ರ ಮಂತ್ರವಾದಿ. ಅದೇ ಗುಂಪಿನ ಹುಡುಗಿಯೊಬ್ಬಳ ಪಾತ್ರದ ಬಳಿ ನಿಧಿಯ ನಕ್ಷೆ ಇತ್ತು. ಕೇಳಿದರೆ ಅವಳು ಕೊಡಲಿಲ್ಲ. ಇವನು ವಶೀಕರಣದ ಮಂತ್ರ ಹಾಕಿದ. ದಾಳ ಅವಳ ವಿರುದ್ಧ ಬಿತ್ತು. ‘ಈಗ ನೀನು ನಕ್ಷೆ ಕೊಡ್ತೀಯ’ ಅಂದ. ಹುಡುಗಿ ಪೆನ್ಸಿಲ್ ಕೆಳಗಿಟ್ಟು ಹೇಳಿದಳು: ‘ನಾನೇನು ಮಾಡ್ತೀನಿ ಅಂತ ನೀನೇ ಹೇಳೋದಾದ್ರೆ, ನಾನಿಲ್ಲಿ ಯಾಕೆ ಕೂತಿದೀನಿ?’

ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಆ ಆಟದಲ್ಲಿ ಲೋಕವೆಲ್ಲ ಸೂತ್ರಧಾರನದು. ಆಡುವವರ ಕೈಯಲ್ಲಿರುವುದು ಒಂದೇ, ತನ್ನ ಪಾತ್ರದ ತೀರ್ಮಾನ. ಪಾತ್ರದ ಕೈ ಕತ್ತರಿಸಿದರೂ ಆಟ ಮುಂದುವರಿಯುತ್ತದೆ. ‘ಒಂದೇ ಕೈಯಲ್ಲಿ ಏನು ಮಾಡಲಿ’ ಎಂದು ಆಲೋಚಿಸುವವರು ಉಳಿದಿರುತ್ತಾರೆ. ಪಾತ್ರ ಸತ್ತರೂ ಹೊಸದೊಂದನ್ನು ತರಬಹುದು. ವಶೀಕರಣದಲ್ಲಿ ಮಾತ್ರ ಪಾತ್ರ ಜೀವಂತವಾಗಿ ಮೇಜಿನ ಮೇಲಿರುತ್ತದೆ, ಆಡುವವಳು ಇರುವುದಿಲ್ಲ.

ಆಮೇಲೆ ನಿಯಮದ ಪುಸ್ತಕ ಇಸಿದುಕೊಂಡು ಓದಿದೆ. 2014ರ ಐದನೆಯ ಆವೃತ್ತಿಯಲ್ಲಿ ‘ಚಾರ್ಮ್ ಪರ್ಸನ್’ ಎಂಬ ಮಂತ್ರವಿದೆ. ಮೂವತ್ತು ಅಡಿಯೊಳಗಿನ ಒಬ್ಬನ ಮೇಲೆ ಅದನ್ನು ಪ್ರಯೋಗಿಸಬಹುದು. ಅವನಿಗೆ ದಾಳ ಎಸೆದು ತಪ್ಪಿಸಿಕೊಳ್ಳುವ ಅವಕಾಶ ಉಂಟು. ಅದಕ್ಕೆ ಸೇವಿಂಗ್ ಥ್ರೋ ಎನ್ನುತ್ತಾರೆ. ಆಗಲೇ ನಿನ್ನೊಡನೆ ಹೊಡೆದಾಡುತ್ತಿದ್ದರೆ ಅವನಿಗೆ ಆ ಅವಕಾಶ ಇನ್ನೂ ಹೆಚ್ಚು. ಸೋತರೆ ಒಂದು ಗಂಟೆ ಕಾಲ ಅವನು ನಿನ್ನನ್ನು ಸ್ನೇಹದ ಪರಿಚಯಸ್ಥನಂತೆ ಕಾಣುತ್ತಾನೆ, ಅಷ್ಟೇ. ನಿನ್ನ ಗುಲಾಮನಾಗುವುದಿಲ್ಲ. ನೀನೋ ನಿನ್ನ ಕಡೆಯವರೋ ಅವನಿಗೆ ಕೇಡು ಮಾಡಿದರೆ ಆ ಕ್ಷಣವೇ ಮಂತ್ರ ಮುರಿಯುತ್ತದೆ. ಕೊನೆಯ ನಿಯಮ ನನಗೆ ಬಹಳ ಮುಖ್ಯವಾಗಿ ಕಂಡಿತು: ಮಂತ್ರ ಮುಗಿದ ಮೇಲೆ, ತನ್ನನ್ನು ವಶ ಮಾಡಿಕೊಂಡವನು ನೀನೇ ಎಂದು ಅವನಿಗೆ ಗೊತ್ತಾಗುತ್ತದೆ.

ಅಂದರೆ ಆ ಹುಡುಗನ ಮಾತು ಆಟದ ನಿಯಮದ ಪ್ರಕಾರವೂ ತಪ್ಪು. ಪರಿಚಯದವನು ಕೇಳಿದ ಮಾತ್ರಕ್ಕೆ ಯಾರೂ ನಿಧಿಯ ನಕ್ಷೆ ಕೊಡುವುದಿಲ್ಲ. ಈ ಎಚ್ಚರ ಆಟಕ್ಕೆ ಮೊದಲಿನಿಂದ ಇರಲಿಲ್ಲ. 1981ರ ಬೇಸಿಕ್ ಆವೃತ್ತಿಯಲ್ಲಿ ವಶ ತಿಂಗಳುಗಟ್ಟಲೆ ನಿಲ್ಲಬಹುದಿತ್ತು. ಬುದ್ಧಿ ಹೆಚ್ಚಿದ್ದವನಿಗೆ ದಿನಕ್ಕೊಮ್ಮೆ, ಸಾಧಾರಣ ಬುದ್ಧಿಯವನಿಗೆ ವಾರಕ್ಕೊಮ್ಮೆ, ಮಂದಬುದ್ಧಿಯವನಿಗೆ ತಿಂಗಳಿಗೊಮ್ಮೆ ಬಿಡಿಸಿಕೊಳ್ಳುವ ದಾಳ. ಅಲ್ಲಿಂದ ಒಂದು ಗಂಟೆಗೆ ಇಳಿದಿದೆ. ಮನಸ್ಸಿನ ಮೇಲೆ ಕೈಹಾಕುವುದಕ್ಕೆ ಮಿತಿ ಹಾಕದಿದ್ದರೆ ಮೇಜಿನ ಸುತ್ತ ಯಾರೂ ಉಳಿಯುವುದಿಲ್ಲ ಎಂಬ ಪಾಠ ಈ ನಿಯಮಗಳಲ್ಲಿ ನನಗೆ ಕಾಣುತ್ತದೆ.

‘ಆಮೇಲೆ ಗೊತ್ತಾಗುತ್ತದೆ’ ಎಂಬ ನಿಯಮ ನಮಗೆ ಹೊಸದಲ್ಲ. ಮಹಾಭಾರತದ ವನಪರ್ವದಲ್ಲಿ ಸತ್ಯಭಾಮೆ ದ್ರೌಪದಿಯನ್ನು ಕೇಳುತ್ತಾಳೆ: ಐವರು ಗಂಡಂದಿರೂ ನಿನ್ನ ಮಾತು ಮೀರುವುದಿಲ್ಲವಲ್ಲ, ಯಾವ ಮಂತ್ರ, ಯಾವ ಬೇರು? ಗೆಳತಿಯರು ಗುಟ್ಟಾಗಿ ಕೇಳುವ ಮಾತು. ದ್ರೌಪದಿ ಸಿಟ್ಟಾಗುತ್ತಾಳೆ. ಹೆಂಡತಿ ಮದ್ದು ಮಂತ್ರಕ್ಕೆ ಕೈಹಾಕಿದ್ದಾಳೆಂದು ತಿಳಿದ ಗಂಡ, ಮನೆಯೊಳಗೆ ಹಾವು ಹೊಕ್ಕಿದೆಯೇನೋ ಎಂಬಂತೆ ಅಂಜುತ್ತಾನೆ. ಅಂಜಿಕೆ ಇರುವಲ್ಲಿ ಶಾಂತಿ ಎಲ್ಲಿ, ಶಾಂತಿ ಇಲ್ಲದಲ್ಲಿ ಸುಖ ಎಲ್ಲಿ ಎಂದು ಕೇಳುತ್ತಾಳೆ. ಹೀಗೆ ಕೊಟ್ಟ ಬೇರುಗಳಿಂದ ಗಂಡಸರು ರೋಗಿಗಳಾದ ಮಾತನ್ನೂ ಆಡುತ್ತಾಳೆ. ಆಕೆಯ ಉಳಿದ ಉಪದೇಶ, ಗಂಡ ಏಳುವ ಮುಂಚೆ ಏಳುವುದು ಇತ್ಯಾದಿ, ಇಂದಿನ ಓದುಗರಿಗೆ ಹಿಡಿಸಲಾರದು. ಆದರೆ ಹಾವಿನ ಮಾತು ಹಳತಾಗಿಲ್ಲ. ಮದ್ದು ಕೆಲಸ ಮಾಡುತ್ತದೋ ಇಲ್ಲವೋ ಎಂಬ ಚರ್ಚೆಗೆ ಆಕೆ ನಿಲ್ಲುವುದಿಲ್ಲ. ಕೆಲಸ ಮಾಡಿದರೂ, ಅದರಿಂದ ಬಂದ ಪ್ರೀತಿ ಬೆಳಕಿಗೆ ಬಂದ ದಿನವೇ ಸಾಯುವಂಥದು.

ತಂತ್ರಶಾಸ್ತ್ರದವರು ಷಟ್ಕರ್ಮಗಳೆಂದು ಆರನ್ನು ಎಣಿಸುತ್ತಾರೆ: ಶಾಂತಿ, ವಶ್ಯ, ಸ್ತಂಭನ, ವಿದ್ವೇಷಣ, ಉಚ್ಚಾಟನ, ಮಾರಣ. ಶಾಂತಿ ಒಂದನ್ನು ಬಿಟ್ಟರೆ, ಪ್ರೀತಿಯ ಹೆಸರಿನಲ್ಲಿ ಮಾಡುವ ವಶ್ಯ ನಿಂತಿರುವುದು ಜಗಳ ಹಚ್ಚುವ, ಊರು ಬಿಡಿಸುವ, ಕೊಲ್ಲುವ ಕರ್ಮಗಳ ಸಾಲಿನಲ್ಲಿ. ಹಾಗೆ ಪಟ್ಟಿ ಮಾಡಿದವರಿಗೆ ತಾವು ಏನು ಮಾರುತ್ತಿದ್ದೇವೆಂಬ ಭ್ರಮೆ ಇರಲಿಲ್ಲ.

ಇಲ್ಲಿಗೆ ಒಂದು ಆಕ್ಷೇಪ ಬರಬೇಕು. ಮನಸ್ಸಿನ ಮೇಲೆ ಪ್ರಭಾವ ಬೀರದೆ ಬದುಕುವವರು ಯಾರು? ತಾಯಿಯ ಕೈರುಚಿ, ಮೇಷ್ಟರ ಹೊಗಳಿಕೆ, ಒಂದು ಒಳ್ಳೆಯ ಹಾಡು, ಇವು ಯಾವುದೂ ನಮ್ಮ ತರ್ಕದ ಒಪ್ಪಿಗೆ ಕೇಳಿ ಒಳಗೆ ಬರುವುದಿಲ್ಲ. ಕನ್ನಡಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಗಾಯಕಿ ಮೋಡಿ ಮಾಡಿದಳು ಎಂದರೆ ಹೊಗಳಿಕೆ. ಆ ಮೋಡಿಗೆ ನಾವೇ ಟಿಕೆಟ್ ಕೊಂಡು ಹೋಗಿರುತ್ತೇವೆ. ಮರುಳು ಮಾಡಿದ ಎಂದರೆ ಸ್ವಲ್ಪ ಅನುಮಾನ. ಮಂಕುಬೂದಿ ಎರಚಿದ ಎಂದರೆ ನೇರ ಬೈಗುಳ. ಮದ್ದು, ಮಾಟ ಎಂದರೆ ಅಪರಾಧ. ಈ ಮೆಟ್ಟಿಲುಗಳಲ್ಲಿ ಎಲ್ಲಿಂದಾಚೆ ಅನ್ಯಾಯ ಶುರುವಾಗುತ್ತದೆ?

ಆಟದ ನಿಯಮವನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳೋಣ. ನಾನು ಮಾಡಿದ್ದನ್ನು ಅವರಿಗೆ ಪೂರ್ತಿ ಹೇಳಿದ ಮೇಲೂ ಅದು ನಿಲ್ಲುತ್ತದೆಯೆ? ‘ನಿನಗೆ ಇಷ್ಟ ಅಂತಲೇ ಒಬ್ಬಟ್ಟು ಮಾಡಿದೆ, ಇವತ್ತು ಊರಲ್ಲೇ ಉಳಿ’ ಎಂದು ಅಮ್ಮ ಬಾಯಿಬಿಟ್ಟು ಹೇಳಿದರೂ ಒಬ್ಬಟ್ಟಿನ ರುಚಿ ಕೆಡುವುದಿಲ್ಲ. ‘ಈ ಒಬ್ಬಟ್ಟಿನಲ್ಲಿ ನಿನ್ನ ಮನಸ್ಸು ತಿರುಗಿಸುವ ಬೇರು ಅರೆದಿದ್ದೇನೆ’ ಎಂದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಈ ಒರೆಗಲ್ಲು ಒಂದೇ ಸಾಲದು. ಏನನ್ನೂ ಬಚ್ಚಿಡದೆ ಮನಸ್ಸನ್ನು ಕಟ್ಟಿಹಾಕುವವರಿದ್ದಾರೆ. ಅದೇ ಆಟದಲ್ಲಿ ‘ಗೀಸ್’ ಎಂಬ ಇನ್ನೊಂದು ಮಂತ್ರವುಂಟು: ಆಜ್ಞೆ ಮೀರಿ ನಡೆದರೆ ಜೀವ ಹಿಂಡುವ ನೋವು, ಮೂವತ್ತು ದಿನ ಅದರ ಕಟ್ಟು. ಅಲ್ಲಿ ಮೋಸವಿಲ್ಲ, ಬೆದರಿಕೆ ಇದೆ. ನಮ್ಮ ಕಾನೂನು ಇದನ್ನೂ ಕಂಡಿದೆ. ಹೇಳಿದಂತೆ ಮಾಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀಯ ಎಂದು ನಂಬಿಸಿ ಕೆಲಸ ಮಾಡಿಸಿಕೊಳ್ಳುವುದು ಭಾರತೀಯ ದಂಡಸಂಹಿತೆಯ 508ನೆಯ ಕಲಮಿನಲ್ಲಿ ಅಪರಾಧವಾಗಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದ್ದರಿಂದ ಎರಡನೆಯ ಪ್ರಶ್ನೆ: ಅವರು ‘ಒಲ್ಲೆ’ ಎಂದರೆ ಅದಕ್ಕೆ ದಂಡ ತೆರಬೇಕಾಗುತ್ತದೆಯೆ?

ಈ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕಂಡದ್ದು 1872ರ ಭಾರತೀಯ ಕರಾರು ಕಾಯ್ದೆಯಲ್ಲಿ. ಬಲವಂತ, ವಂಚನೆಗಳ ಪಕ್ಕದಲ್ಲೇ ಅದರ 16ನೆಯ ಕಲಮು ಅನುಚಿತ ಪ್ರಭಾವದ ಮಾತಾಡುತ್ತದೆ. ಇನ್ನೊಬ್ಬರ ಇಚ್ಛೆಯನ್ನು ಆಳಬಲ್ಲ ಸ್ಥಾನದಲ್ಲಿರುವವನು ಆ ಸ್ಥಾನ ಬಳಸಿ ಅನ್ಯಾಯದ ಲಾಭ ಪಡೆದರೆ, ಅಲ್ಲಿ ಸಿಕ್ಕ ಒಪ್ಪಿಗೆ ಒಪ್ಪಿಗೆಯಲ್ಲ. ವಯಸ್ಸಿನಿಂದ, ಕಾಯಿಲೆಯಿಂದ, ಸಂಕಟದಿಂದ ಮನಸ್ಸು ಕುಗ್ಗಿದವರ ಹತ್ತಿರ ಬರೆಸಿಕೊಂಡ ಪತ್ರಗಳೆಲ್ಲ ಈ ಕಣ್ಣಿನಡಿ ಬರುತ್ತವೆ. ವ್ಯವಹಾರ ನೋಡುತ್ತಲೇ ಅನ್ಯಾಯವೆನಿಸಿದರೆ, ‘ನಾನು ಪ್ರಭಾವ ಬೀರಿಲ್ಲ’ ಎಂದು ತೋರಿಸಿಕೊಡುವ ಹೊಣೆ ಬಲಿಷ್ಠನದು. ಕರಾರು ಉಳಿಯಲಿ, ಅಳಿಯಲಿ ಎಂದು ಆರಿಸುವ ಹಕ್ಕು ಮನಸ್ಸು ಕಳೆದುಕೊಂಡಿದ್ದವರದು. ಮಂತ್ರ ಮುಗಿದ ಮೇಲೆ ಗೊತ್ತಾಗಬೇಕು, ಗೊತ್ತಾದ ಮೇಲೆ ತೀರ್ಮಾನ ಅವರಿಗೇ ಮರಳಬೇಕು. ಆಟದವರಿಗಿಂತ ನೂರು ವರ್ಷ ಮೊದಲೇ ಕಾನೂನು ಆ ದಾಳವನ್ನು ಅವರ ಕೈಗಿಟ್ಟಿತ್ತು.

ಆದರೂ ಗಟ್ಟಿಯಾದ ಉದಾಹರಣೆ ಒಂದಿದೆ. ಕುಡಿತ ಬಿಡಿಸುವ ಔಷಧಿ, ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಬಹುದು’ ಎಂಬ ಜಾಹೀರಾತು ನೀವೂ ನೋಡಿರುತ್ತೀರಿ. ಇದು ನಿಜಕ್ಕೂ ಕೆಲಸ ಮಾಡುವ ಮದ್ದು ಆಗಿರಬಹುದು. ಡೈಸಲ್ಫಿರಾಂ ಮಾತ್ರೆ ತಿಂದವನು ಹೆಂಡ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿತ ಏರಿ, ರಕ್ತದೊತ್ತಡ ಕುಸಿಯುತ್ತದೆ; ಜೀವಕ್ಕೂ ಅಪಾಯ. ಅದಕ್ಕೇ ರೋಗಿಗೆ ತಿಳಿಯದಂತೆ ಅದನ್ನು ಕೊಡಕೂಡದೆಂದು ವೈದ್ಯಶಾಸ್ತ್ರ ಕಟ್ಟುನಿಟ್ಟಾಗಿ ಹೇಳುತ್ತದೆ. ದಿನವೂ ಒದೆ ತಿನ್ನುವ ಹೆಂಡತಿ ಇದನ್ನು ಸಾರಿನಲ್ಲಿ ಕಲಸಿದರೆ ಅವಳನ್ನು ವಶೀಕರಣ ಮಾಡಿದವಳೆಂದು ಬೈಯಲು ನನ್ನ ಬಾಯಿ ಬರುವುದಿಲ್ಲ. ಅವಳು ತಡೆಯಲು ಹೊರಟದ್ದು ಅವನ ಕೈಯನ್ನು. ಹೊಡೆಯುವವನಿಂದ ತಪ್ಪಿಸಿಕೊಳ್ಳಲು ಬಾಗಿಲು ಹಾಕಿಕೊಳ್ಳಬಹುದು, ಸುಳ್ಳನ್ನೂ ಹೇಳಬಹುದು. ಆದರೆ ಕುಡಿತ ಬಿಟ್ಟ ಗಂಡ ಅವಳಿಗೆ ಇದರಿಂದ ಸಿಕ್ಕಿರುವುದಿಲ್ಲ. ಸಿಕ್ಕಿರುವುದು ಯಾಕೆ ವಾಂತಿಯಾಗುತ್ತಿದೆಯೆಂದು ತಿಳಿಯದೆ ಹೆದರಿದ ಒಬ್ಬ ಮನುಷ್ಯ. ಬಿಟ್ಟೆ ಎಂದು ಹೇಳುವುದಕ್ಕೆ ಬೇಕಾದ ‘ನಾನು’ ಅಲ್ಲಿ ಹುಟ್ಟಿಲ್ಲ.

ಬಸ್‌ಸ್ಟ್ಯಾಂಡಿನ ಕಂಬಗಳಿಗೆ ಅಂಟಿಸಿದ ‘ಸ್ತ್ರೀ-ಪುರುಷ ವಶೀಕರಣ, ಫೋನಿನಲ್ಲೇ ಪರಿಹಾರ’ ಎಂಬ ಚೀಟಿಗಳ ಮಾತು ಬೇರೆ. ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು; ತಪ್ಪಿತಸ್ಥರಿಗೆ ಒಂದರಿಂದ ಏಳು ವರ್ಷದವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ದುಡ್ಡು ಕಳೆದುಕೊಂಡವರನ್ನು ನಾವು ಬಲಿಪಶುಗಳೆಂದು ಕನಿಕರಿಸುತ್ತೇವೆ. ಸರಿಯೇ. ಆದರೆ ಆ ನಂಬರಿಗೆ ಫೋನ್ ಮಾಡಿದವನು ಬಯಸಿದ್ದೇನು? ‘ಒಲ್ಲೆ’ ಎಂದ ಹುಡುಗಿಯ ಬಾಯಲ್ಲಿ ‘ಹೂಂ’ ಬರಬೇಕು, ಅವಳ ಮನಸ್ಸಿಗೆ ಕೇಳದೆ. ದಂಡಸಂಹಿತೆಯ 511ನೆಯ ಕಲಮಿನಲ್ಲಿ ಒಂದು ಉದಾಹರಣೆಯಿತ್ತು: ಕಳ್ಳ ಜೇಬಿಗೆ ಕೈಹಾಕಿದ, ಜೇಬು ಖಾಲಿ ಇತ್ತು, ಆದರೂ ಅವನು ಕಳ್ಳತನಕ್ಕೆ ಯತ್ನಿಸಿದ ಅಪರಾಧಿಯೇ. ಮಂತ್ರ ಹಾಕಿಸಿದವನನ್ನು ಈ ಕಲಮಿನಲ್ಲಿ ಹಿಡಿಯಲಾಗದು, ಹಿಡಿಯಲೂ ಬೇಡ. ಆದರೆ ನೀತಿಯ ಲೆಕ್ಕದಲ್ಲಿ ಅವನು ಖಾಲಿ ಜೇಬಿಗೆ ಕೈಹಾಕಿದವನು. ಮಂತ್ರಕ್ಕೆ ಶಕ್ತಿಯಿಲ್ಲ ಎನ್ನುವುದು ಹುಡುಗಿಯ ಪುಣ್ಯ; ಅವನ ನಿರಪರಾಧಕ್ಕೆ ಅದು ಸಾಕ್ಷಿಯಲ್ಲ.

ಮದ್ದು, ಮಂತ್ರ ಎಲ್ಲ ಸುಳ್ಳು ಎಂದು ಹೇಳಿಬಿಟ್ಟರೆ ಮುಗಿಯಿತಲ್ಲ ಎನ್ನಬಹುದು. ಹಾಗೆ ಹೇಳಿದ ದೊಡ್ಡವರು ನಮ್ಮ ಪಕ್ಕದಲ್ಲೇ ಹುಟ್ಟಿದ್ದರು. ಎಚ್.ನರಸಿಂಹಯ್ಯನವರ ಊರು ಗೌರಿಬಿದನೂರು ತಾಲ್ಲೂಕಿನ ಹೊಸೂರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಅಂಥ ಪ್ರಶ್ನೆ ನಮ್ಮ ಮನೆಗೆ ಬಂದಿದ್ದರೆ ಬೂದಿಯ ಮೇಲಿನ ಕರಿ ಉಂಡೆ ಎಲ್ಲಿಂದ ಬಂತೆಂದು ತಿಳಿಯುತ್ತಿತ್ತು. ಚಿಕ್ಕಮ್ಮ ಅರ್ಧ ಗೆಲ್ಲುತ್ತಿದ್ದಳು. ಉಳಿದರ್ಧ ಅಜ್ಜಿಯ ಮೊದಲ ವಾಕ್ಯದಲ್ಲಿದೆ: ‘ನನ್ನ ಮಗ ಅಂಥೋನಲ್ಲ.’

ಮದ್ದಿನ ಆರೋಪವೇ ಒಂದು ವಶೀಕರಣ ಎಂದು ನನಗೀಗ ಅನ್ನಿಸುತ್ತದೆ. ವಶೀಕರಣ ಮಾಡಿಸುವವನು ಇನ್ನೊಬ್ಬರ ‘ಒಲ್ಲೆ’ಯನ್ನು ಅವರದೆಂದು ಒಪ್ಪುವುದಿಲ್ಲ. ಮದ್ದು ಹಾಕಿದ್ದಾಳೆ ಎನ್ನುವವರು ಇನ್ನೊಬ್ಬರ ‘ಹೂಂ’ ಅನ್ನು ಅವರದೆಂದು ಒಪ್ಪುವುದಿಲ್ಲ. ಮಗ ಹೆಂಡತಿಯ ಪರ ನಿಂತರೆ ಮದ್ದು. ಬೇರೆ ಜಾತಿಯವನನ್ನು ಮದುವೆಯಾಗುತ್ತೇನೆಂದು ಮಗಳು ಹೇಳಿದರೆ ಯಾರೋ ತಲೆ ಕೆಡಿಸಿದ್ದಾರೆ. ನಾವು ಒಲ್ಲದ ಪಕ್ಷಕ್ಕೆ ಓಟು ಹಾಕಿದವರಿಗೆ ಮಂಕುಬೂದಿ. ಕೆಲವೊಮ್ಮೆ ನಿಜಕ್ಕೂ ಬೂದಿ ಎರಚಿರುತ್ತಾರೆ. ಆದರೆ ಮೊದಲು ಆ ಮನುಷ್ಯನನ್ನೇ ಕೂರಿಸಿಕೊಂಡು ‘ಯಾಕೆ?’ ಎಂದು ಕೇಳಿದವರು ಎಷ್ಟು ಜನ? ಮೇಜಿನ ಬಳಿ ಆ ಹುಡುಗಿ ಕೇಳಿದ್ದು ಇದನ್ನೇ. ನಾನಿಲ್ಲಿ ಯಾಕೆ ಕೂತಿದೀನಿ?

ಹಾಗಾಗಿ, ಮೂವತ್ತು ವರ್ಷ ತಡವಾಗಿಯಾದರೂ, ಚಿಕ್ಕಪ್ಪನನ್ನೇ ಕೇಳಿದೆ. ಈ ಸಲ ಊರಿಗೆ ಹೋದಾಗ ಅವನು ಮಗ್ಗದಲ್ಲಿದ್ದ. ‘ಬೇರೆ ಹೋಗೋಣ ಅಂತ ಚಿಕ್ಕಮ್ಮ ಹೇಳಿದ್ಲಾ?’ ಲಾಳಿ ನಿಂತಿತು.

‘ಅವ್ಳು ಬ್ಯಾಡ ಅಂದಿದ್ಲು. ಅತ್ತೆ ಬೇಜಾರು ಮಾಡ್ಕಂತಾರೆ ಅಂದಿದ್ಲು. ನಂಗೇ ಸಾಕಾಗಿತ್ತು. ದುಡಿದಿದ್ದು ನನ್ನ ಕೈಗೆ ಬರ್ತಿರ್ಲಿಲ್ಲ.’

‘ಮತ್ತೆ ಅಜ್ಜಿಗೆ ಹೇಳ್ಲಿಲ್ವಾ?’

ಬಹಳ ಹೊತ್ತು ಸುಮ್ಮನಿದ್ದ. ‘ಅಮ್ಮನ ಮುಂದೆ ಹೆಂಗಪ್ಪ ಹೇಳೋದು? ಮದ್ದು ಅಂದ್ರು. ಸುಮ್ನಾದೆ. ನಾನು ಕೆಟ್ಟ ಮಗ ಆಗೋದು ತಪ್ತು.’

ಅಜ್ಜಿಗೆ ಒಳ್ಳೆಯ ಮಗ ಉಳಿದ. ಮಗನಿಗೆ ಸ್ವಂತ ಮಗ್ಗ ಸಿಕ್ಕಿತು. ಇಬ್ಬರೂ ತಮ್ಮ ತಮ್ಮ ಹೊಣೆಯನ್ನು ಒಂದು ಕರಿ ಉಂಡೆಯಲ್ಲಿ ಸುತ್ತಿ, ಅಡುಗೆಮನೆಯಲ್ಲಿ ನಿಂತಿದ್ದವಳ ಕೈಗೆ ಕೊಟ್ಟರು. ಆಟದಲ್ಲಾದರೆ ಒಂದು ಗಂಟೆ ಕಳೆದ ಮೇಲೆ ಎಲ್ಲರಿಗೂ ಎಲ್ಲವೂ ಗೊತ್ತಾಗುತ್ತದೆ. ಇಲ್ಲಿ ಅಜ್ಜಿ ಅದೇ ನಂಬಿಕೆಯಲ್ಲಿ ತೀರಿಕೊಂಡಳು. ಚಿಕ್ಕಮ್ಮನಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು.

ಅವತ್ತು ಊಟಕ್ಕೆ ಕೂತಾಗ ತಟ್ಟೆಯನ್ನು ಅವಳ ಮುಂದೆ ಹಿಡಿದೆ. ‘ನೀನೇ ಬಡಿಸು ಚಿಕ್ಕಮ್ಮ’ ಅಂದೆ. ಅವಳು ನಕ್ಕಳು. ಚಿಕ್ಕಪ್ಪ ತಲೆ ಎತ್ತಲಿಲ್ಲ. ‘ಈಗ ಅಭ್ಯಾಸ ತಪ್ಪೈತೆ ಕಣಪ್ಪ’ ಎಂದು ಹೇಳಿ, ಸಾರಿನ ಪಾತ್ರೆಯನ್ನು ನನ್ನ ಹತ್ತಿರಕ್ಕೆ ಸರಿಸಿ, ಸೌಟಿನ ಹಿಡಿಯನ್ನು ನನ್ನ ಕಡೆಗೆ ತಿರುಗಿಸಿಟ್ಟಳು.